ಹದಿನಾಲ್ಕು ದಿನ ಬಾಕಿ ಇತ್ತು: ಬ್ರಿಟನ್ನಿನಲ್ಲಿ ನನ್ನ ತಮ್ಮನ ಲೈಸೆನ್ಸ್ ಹೋದದ್ದು ಹೇಗೆ

ನನ್ನ ತಮ್ಮ ಹದಿನೆಂಟು ತುಂಬಿದ ವರ್ಷವೇ ಮೈಸೂರಿನಲ್ಲಿ ಲೈಸೆನ್ಸ್ ಮಾಡಿಸಿದವನು. ನನಗೆ ಕಾರು ಓಡಿಸೋದು ಕಲಿಸಿದ್ದೂ ಅವನೇ. ಅಪ್ಪನ ಹಳೇ ಮಾರುತಿ 800, ಕುವೆಂಪುನಗರದ ಖಾಲಿ ರಸ್ತೆ, ಭಾನುವಾರ ಬೆಳಿಗ್ಗೆ. ಆಮೇಲೆ ಬೆಂಗಳೂರಿನಲ್ಲಿ ಹನ್ನೆರಡು ವರ್ಷ ದಿನಾ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗಿಬಂದ, ಒಂದು ಆಕ್ಸಿಡೆಂಟ್ ಇಲ್ಲ. ಅಂಥವನ ಲೈಸೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ರದ್ದಾಯಿತು. ಕುಡಿದಿರಲಿಲ್ಲ, ಯಾರಿಗೂ ಗುದ್ದಿರಲಿಲ್ಲ. ಸ್ವಲ್ಪ ಜಾಸ್ತಿ ಸ್ಪೀಡು, ಮೂರು ಸಲ, ಅಷ್ಟೇ. ಏನಾಯಿತು ಅಂತ ಪೂರ್ತಿ ಬರಿ ಅಕ್ಕ, ಇಲ್ಲಿಗೆ ಹೊಸದಾಗಿ ಬರೋರಿಗೆ ಗೊತ್ತಾಗಲಿ ಅಂತ ಅವನೇ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದ, ಹಾಕಿಲ್ಲ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಟ್ರಾಫಿಕ್ ತಪ್ಪಿಗೆ ದಂಡದ ಜೊತೆ ಪಾಯಿಂಟ್ ಹಾಕುತ್ತಾರೆ. ಈ ಪಾಯಿಂಟು ಸ್ವಾನ್‌ಸಿಯಲ್ಲಿರುವ ಡಿವಿಎಲ್‌ಎ ಅನ್ನೋ ಲೈಸೆನ್ಸ್ ಕಚೇರಿಯ ದಾಖಲೆಯಲ್ಲಿ ನಿಮ್ಮ ಹೆಸರಿಗೆ ಸೇರುತ್ತದೆ. ಸಾಮಾನ್ಯ ಸ್ಪೀಡಿಂಗ್‌ಗೆ 100 ಪೌಂಡ್ ದಂಡ, 3 ಪಾಯಿಂಟ್. ಗಾಡಿ ಓಡಿಸುತ್ತಾ ಕೈಯಲ್ಲಿ ಫೋನ್ ಹಿಡಿದರೆ 200 ಪೌಂಡ್, 6 ಪಾಯಿಂಟ್. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ 300 ಪೌಂಡ್, ಅದಕ್ಕೂ 6. ಮೂರು ವರ್ಷದೊಳಗೆ ಒಟ್ಟು 12 ಆದರೆ ಕೋರ್ಟಿಗೆ ಹೋಗಬೇಕು, ಕಡಿಮೆ ಅಂದರೆ ಆರು ತಿಂಗಳು ಗಾಡಿ ಮುಟ್ಟುವಂತಿಲ್ಲ. ಹೆಚ್ಚಿನ ಪಾಯಿಂಟುಗಳು ದಾಖಲೆಯಲ್ಲಿ ಕಾಣೋದು ನಾಲ್ಕು ವರ್ಷ, ಆದರೆ ಈ 12ರ ಲೆಕ್ಕಕ್ಕೆ ಬರೋದು ಮೊದಲ ಮೂರು ವರ್ಷ ಮಾತ್ರ. ಕುಡಿದು ಓಡಿಸಿದ್ದು ಮಾತ್ರ ಹನ್ನೊಂದು ವರ್ಷ ಅಳಿಸೋದಿಲ್ಲ.

ಇಷ್ಟು ನನ್ನ ತಮ್ಮನಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ಇದರ ಪಕ್ಕದಲ್ಲೇ ಇರುವ ಇನ್ನೊಂದು ಕಾನೂನು. ಹೊಸ ಡ್ರೈವರ್‌ಗಳದ್ದು, 1995ರಲ್ಲಿ ಪಾಸಾಗಿ 1997ರ ಜೂನ್‌ನಲ್ಲಿ ಜಾರಿಗೆ ಬಂದದ್ದು. ಮೊದಲ ಸಲ ಟೆಸ್ಟ್ ಪಾಸಾದ ದಿನದಿಂದ ಎರಡು ವರ್ಷ ನೀವು ಹೊಸಬರು. ಆ ಎರಡು ವರ್ಷದೊಳಗೆ 12 ಅಲ್ಲ, 6 ಪಾಯಿಂಟಿಗೇ ಲೈಸೆನ್ಸ್ ರದ್ದು. ಕೆಲವು ತಿಂಗಳು ತಡೆಹಿಡಿದು ವಾಪಸ್ ಕೊಡೋದಲ್ಲ, ರದ್ದು ಅಂದರೆ ರದ್ದೇ. ಮತ್ತೆ ಮೊದಲಿಂದ ಎಲ್‌ಎಲ್, ಥಿಯರಿ, ರೋಡ್ ಟೆಸ್ಟ್.

ಇದನ್ನು ಕೇಳಿದವರೆಲ್ಲ ಹದಿನೇಳು ಹದಿನೆಂಟರ ಹುಡುಗರಿಗೆ ಮಾಡಿದ್ದು ಅಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಕಾನೂನು ವಯಸ್ಸು ನೋಡುವುದಿಲ್ಲ, ಊರಲ್ಲಿ ಎಷ್ಟು ವರ್ಷ ಓಡಿಸಿದ್ದೀರಿ ಅಂತಲೂ ಕೇಳುವುದಿಲ್ಲ. ಭಾರತದ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ನೆಲೆಸಲು ಬಂದವರು ಹನ್ನೆರಡು ತಿಂಗಳು ಅದರಲ್ಲೇ ಓಡಿಸಬಹುದು. ಅಷ್ಟರೊಳಗೆ ಇಲ್ಲಿನ ಟೆಸ್ಟ್ ಪಾಸ್ ಮಾಡಿಕೊಳ್ಳಬೇಕು, ಯಾಕೆಂದರೆ ನಮ್ಮ ಲೈಸೆನ್ಸ್ ಕೊಟ್ಟು ಇವರದ್ದು ಪಡೆಯೋ ಸೌಲಭ್ಯ ಇಲ್ಲ. ಹಾಗಾಗಿ ಮೂವತ್ತೈದು ವಯಸ್ಸಿನಲ್ಲಿ, ಹದಿನೇಳು ವರ್ಷ ಗಾಡಿ ಓಡಿಸಿದ ಅನುಭವ ಇಟ್ಟುಕೊಂಡು, ನನ್ನ ತಮ್ಮ 2022ರ ಜುಲೈ 14ರಂದು ರೆಡಿಂಗ್‌ನಲ್ಲಿ ಟೆಸ್ಟ್ ಪಾಸಾದಾಗ ಕಾನೂನಿನ ಕಣ್ಣಿಗೆ ಅವನು ಅವತ್ತೇ ಸ್ಟಿಯರಿಂಗ್ ಹಿಡಿದ ಹುಡುಗ. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆವು. 2024ರ ಜುಲೈ 13ರವರೆಗೆ ಹುಷಾರಾಗಿರಬೇಕು ಅಂತ ಒಬ್ಬರಾದರೂ ಹೇಳಲಿಲ್ಲ.

ಮೊದಲ ಕಾಗದ ಬಂದದ್ದು 2022ರ ನವೆಂಬರ್‌ನಲ್ಲಿ. 30 ಮೈಲಿ ಮಿತಿಯ ರಸ್ತೆಯಲ್ಲಿ 36. ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರ್ ಇರಬೇಕಾದಲ್ಲಿ 58. ಅವನು ಬೋರ್ಡೇ ಇರಲಿಲ್ಲ ಅಂತ ಹಟ ಹಿಡಿದ. ನಿಜ, ಬೋರ್ಡ್ ಇರಲಿಲ್ಲ. ಆದರೆ ಬೀದಿ ದೀಪದ ಕಂಬಗಳಿದ್ದವು. ಇಂಗ್ಲೆಂಡಿನಲ್ಲಿ ಸಾಲಾಗಿ ದೀಪದ ಕಂಬ ಇದ್ದು ಬೇರೆ ಬೋರ್ಡ್ ಇಲ್ಲ ಅಂದರೆ ಅದು 30ರ ರಸ್ತೆ ಅಂತಲೇ ಅರ್ಥ. ಥಿಯರಿ ಪರೀಕ್ಷೆಗೆ ಇದನ್ನು ಓದಿರುತ್ತೇವೆ, ಪಾಸಾದ ಮೇಲೆ ಮರೆತಿರುತ್ತೇವೆ. ವೇಲ್ಸ್ ಕಡೆ ಹೋಗುವವರು ಇದನ್ನೂ ತಿಳಿದಿರಿ, ಅಲ್ಲಿ 2023ರ ಸೆಪ್ಟೆಂಬರ್‌ನಿಂದ ಇಂಥ ರಸ್ತೆಗಳಿಗೆ 20.

ಆ ಸಲ ಪಾಯಿಂಟ್ ಬೀಳಲಿಲ್ಲ. ಮಿತಿಗಿಂತ ಸ್ವಲ್ಪ ಮಾತ್ರ ಜಾಸ್ತಿ ಇದ್ದರೆ, ಸಾಮಾನ್ಯವಾಗಿ 30ರ ರಸ್ತೆಯಲ್ಲಿ 35ರಿಂದ 42ರವರೆಗೆ, ಪೊಲೀಸರು ಸ್ಪೀಡ್ ಅವೇರ್‌ನೆಸ್ ಕೋರ್ಸ್‌ಗೆ ಕೂರುವ ಅವಕಾಶ ಕೊಡುತ್ತಾರೆ. ದುಡ್ಡು ಕಟ್ಟಬೇಕು, ಹೆಚ್ಚುಕಡಿಮೆ ದಂಡದಷ್ಟೇ ಆಗುತ್ತದೆ, ಆದರೆ ದಾಖಲೆ ಸ್ವಚ್ಛವಾಗಿ ಉಳಿಯುತ್ತದೆ. ಅವನು ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತು ಮುಗಿಸಿದ. ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು. 30 ಮೈಲಿ ವೇಗದಲ್ಲಿದ್ದ ಕಾರು ನಿಲ್ಲೋಕೆ 23 ಮೀಟರ್ ಬೇಕು, 40ರಲ್ಲಿದ್ದರೆ 36 ಮೀಟರ್ ಅಂತ ಹೇಳಿಕೊಡುವವರು ಹೇಳಿದ್ದು ನನ್ನ ತಲೆಯಲ್ಲಿ ಹಾಗೇ ಕೂತಿದೆ. ಹತ್ತೇ ಮೈಲಿ ಜಾಸ್ತಿ ಅಂತ ನಾವು ಅಂದುಕೊಳ್ಳುವುದು ಅಡ್ಡ ಬಂದ ಮಗುವಿಗೆ ಮೂರು ಕಾರಿನ ಉದ್ದದಷ್ಟು ವ್ಯತ್ಯಾಸ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ಬರೆಯೋದನ್ನೆಲ್ಲ ಓದಿ ಈ ಕಾನೂನೇ ಕ್ರೂರ ಅನ್ನಿಸಬಾರದು. ನನಗೆ ಹಾಗನ್ನಿಸಿಲ್ಲ.

ಕೋರ್ಸ್ ಮುಗಿಸಿ ಹೊರಗೆ ಬಂದವನು, ಸದ್ಯ ಉಳ್ಕೊಂಡೆ ಅಕ್ಕ ಅಂದ. ಆ ಉಳ್ಕೊಂಡಿದ್ದರಲ್ಲೇ ಒಂದು ಕೊಂಡಿ ಇತ್ತು. ಈ ಕೋರ್ಸ್ ಮೂರು ವರ್ಷಕ್ಕೆ ಒಂದೇ ಸಲ. ಅಂದರೆ ಅವನ ಹತ್ತಿರ ಇದ್ದ ಒಂದೇ ಮಾಫಿ ಟೆಸ್ಟ್ ಪಾಸಾದ ನಾಲ್ಕೇ ತಿಂಗಳಿಗೆ ಖರ್ಚಾಗಿ ಹೋಯಿತು.

ಎರಡನೆಯದು 2023ರ ಆಗಸ್ಟ್ 17. ಮತ್ತೆ 30ರ ರಸ್ತೆ, ಈ ಸಲ 35. ಕೋರ್ಸ್‌ಗೆ ಅವಕಾಶ ಇಲ್ಲ. 100 ಪೌಂಡ್, 3 ಪಾಯಿಂಟ್, ದಾಖಲೆಯಲ್ಲಿ ಎಸ್‌ಪಿ30 ಅನ್ನೋ ಕೋಡ್. ಅವನು ಅವತ್ತೇ ಫೋನಿನಲ್ಲಿ ದುಡ್ಡು ಕಟ್ಟಿ ಕೈ ತೊಳೆದುಕೊಂಡ.

ಇಲ್ಲೇ ನಾನು ಹೇಳಬೇಕು ಅಂತಿರುವ ಮುಖ್ಯ ಮಾತು ಇರುವುದು. ನಮ್ಮ ಊರಲ್ಲಿ ಟ್ರಾಫಿಕ್ ದಂಡ ಅಂದರೆ ನಮ್ಮ ಮನಸ್ಸಿನಲ್ಲಿ ಅದೊಂದು ಬಿಲ್ಲು. ಗಾಡಿ ನಂಬರಿಗೆ ಬರುತ್ತದೆ, ಸೇರುತ್ತಾ ಹೋಗುತ್ತದೆ, ಎಂದೋ ಒಂದು ದಿನ ಕಟ್ಟುತ್ತೇವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಇವನ ಹಳೇ ಸ್ಕೂಟರ್ ಮೇಲಿದ್ದದ್ದನ್ನೆಲ್ಲ ಅಪ್ಪ ಒಂದೇ ಸಲ ಕಟ್ಟಿ, ಎಲ್ಲ ಕ್ಲಿಯರ್ ಆಯ್ತು ಕಣೋ ಅಂತ ಖುಷಿಯಿಂದ ಫೋನ್ ಮಾಡಿದ್ದರು. ಆ ಸ್ಕೂಟರ್ ಓಡಿಸಿದ್ದು ಇವನೋ, ಚಿಕ್ಕಪ್ಪನ ಮಗನೋ, ಯಾರೂ ಕೇಳಲಿಲ್ಲ. ಪಾಯಿಂಟಿನ ದಾರಿಯೇ ಬೇರೆ. ಅದು ಗಾಡಿಗೆ ಅಂಟುವುದಿಲ್ಲ, ಮನುಷ್ಯನಿಗೆ ಅಂಟುತ್ತದೆ. ದುಡ್ಡಿದ್ದವನಿಗೂ ಇಲ್ಲದವನಿಗೂ 3 ಅಂದರೆ 3. ಅರ್ಧ ರೇಟು ಇಲ್ಲ, ಕಂತು ಇಲ್ಲ. 100 ಪೌಂಡ್ ಕಟ್ಟಿದ್ದಕ್ಕೆ ಅವನ ಮಟ್ಟಿಗೆ ಕಥೆ ಮುಗಿದಿತ್ತು. ಆದರೆ ದುಡ್ಡು ಕಟ್ಟುವುದು ಅಂದರೆ ತಪ್ಪು ಒಪ್ಪಿಕೊಂಡು ಪಾಯಿಂಟ್ ಬರೆಸಿಕೊಳ್ಳುವುದು, ಅಲ್ವಾ? ಅದು ನಮಗೆ ಹೊಳೆಯಲೇ ಇಲ್ಲ.

ಮೂರನೆಯದು 2024ರ ಜೂನ್ 29, ಶನಿವಾರ ರಾತ್ರಿ. ಅತ್ತೆ ಮಾವ ಬೆಂಗಳೂರಿನಿಂದ ಬರುವವರಿದ್ದರು, ಕರೆದುಕೊಂಡು ಬರೋಕೆ ರೆಡಿಂಗ್‌ನಿಂದ ಹೀಥ್ರೂ ಕಡೆ ಎಂ4 ಮೋಟರ್‌ವೇಯಲ್ಲಿ ಒಬ್ಬನೇ ಹೊರಟಿದ್ದ. ಆ ರಸ್ತೆಯ ಮಾಮೂಲಿ ಮಿತಿ 70. ಆದರೆ ಆ ಭಾಗದಲ್ಲಿ ತಲೆ ಮೇಲೆ ಅಡ್ಡಡ್ಡ ಕಟ್ಟಿರುವ ಬೋರ್ಡುಗಳಲ್ಲಿ ದಟ್ಟಣೆ ನೋಡಿಕೊಂಡು ಮಿತಿ ಬದಲಾಗುತ್ತಿರುತ್ತದೆ. ಕೆಂಪು ಉಂಗುರದೊಳಗೆ ಅಂಕಿ ಬಂದರೆ ಅದು ಸಲಹೆ ಅಲ್ಲ, ಕಾನೂನು. ಅವತ್ತು 50 ಅಂತ ಹತ್ತಿತ್ತು. ಮುಂದೆ ರಸ್ತೆ ಖಾಲಿ ಕಾಣುತ್ತಿತ್ತು, ಇವನು 58ರಲ್ಲಿ ಹೋದ.

ಕಾಗದ ಜುಲೈ ಎರಡನೇ ವಾರ ಬಂತು. ಕ್ಯಾಮೆರಾಗೆ ಸಿಕ್ಕಿದ ಮೇಲೆ ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ ಹದಿನಾಲ್ಕು ದಿನದೊಳಗೆ ನೋಟಿಸ್ ಮುಟ್ಟಬೇಕು. ಅದರ ಜೊತೆಗೆ ಒಂದು ಫಾರಂ ಇರುತ್ತದೆ. ಆ ಹೊತ್ತಿನಲ್ಲಿ ಓಡಿಸುತ್ತಿದ್ದದ್ದು ಯಾರು, ಇಪ್ಪತ್ತೆಂಟು ದಿನದೊಳಗೆ ಬರೆದು ಕಳಿಸಿ ಅಂತ. ಈ ವ್ಯವಸ್ಥೆ ಪೂರ್ತಿ ನಿಂತಿರೋದು ಆ ಒಂದು ಪ್ರಶ್ನೆಯ ಮೇಲೆ. ಪಾಯಿಂಟ್ ಮನುಷ್ಯನಿಗೆ ಹಾಕಬೇಕು ಅಂದರೆ ಮನುಷ್ಯ ಯಾರು ಅಂತ ಗೊತ್ತಾಗಬೇಕಲ್ಲ. ಅದಕ್ಕೇ ಉತ್ತರ ಕೊಡದೆ ಸುಮ್ನೆ ಕೂತರೆ ಅದೇ ಬೇರೆ ಅಪರಾಧ, ಅದಕ್ಕೆ 6 ಪಾಯಿಂಟ್, ಸ್ಪೀಡಿಂಗ್‌ಗಿಂತ ಎರಡರಷ್ಟು. ಮನೆ ಬದಲಾಯಿಸಿದವರು ಗಾಡಿ ದಾಖಲೆಯಲ್ಲಿ ವಿಳಾಸ ಬದಲಾಯಿಸದೆ ಇದ್ದು, ಕಾಗದ ಹಳೇ ಮನೆಗೆ ಹೋಗಿ ಈ 6ಕ್ಕೆ ಸಿಕ್ಕಿಬೀಳುವುದೂ ಉಂಟು. ದಯವಿಟ್ಟು ವಿಳಾಸ ಬದಲಾಯಿಸಿ.

ಕಾಗದ ಬಂದ ದಿನ ರಾತ್ರಿ ಅವನು ಫೋನ್ ಮಾಡಿದ. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಅಕ್ಕ, ನನ್ನ ಹೆಂಡತಿ ಹೆಸರು ಬರೆದರೆ ಏನಾಗುತ್ತೆ? ಇವಳ ಲೈಸೆನ್ಸ್ ಮೇಲೆ ಒಂದೂ ಪಾಯಿಂಟ್ ಇಲ್ಲ. ಆಫೀಸಲ್ಲಿ ಒಬ್ಬ ಹಾಗೇ ಮಾಡು ಅಂದ."

"ಅವಳು ಕಾರಲ್ಲಿದ್ದಳೇನೋ?"

"ಇಲ್ಲ. ಮನೆಯಲ್ಲಿ ಅಡುಗೆ ಮಾಡ್ತಿದ್ಲು."

ನನ್ನ ಎದೆ ಝಲ್ ಅಂತು. ಆ ಫಾರಂ ಮೇಲೆ ಸುಳ್ಳು ಬರೆದರೆ ಅದು ಟ್ರಾಫಿಕ್ ತಪ್ಪು ಆಗಿ ಉಳಿಯುವುದಿಲ್ಲ, ನ್ಯಾಯದ ದಾರಿ ತಪ್ಪಿಸಿದ ಅಪರಾಧ ಆಗುತ್ತದೆ, ಅದಕ್ಕೆ ಜೈಲು. ಅವನಿಗೆ ಕ್ರಿಸ್ ಹ್ಯೂನ್ ವಿಷಯ ಹೇಳಿದೆ. ಹ್ಯೂನ್ ಇಲ್ಲಿ ಮಂತ್ರಿಯಾಗಿದ್ದವರು. 2003ರಲ್ಲಿ ಎಂ11 ಮೋಟರ್‌ವೇಯಲ್ಲಿ ಅವರ ಕಾರು ಕ್ಯಾಮೆರಾಗೆ ಸಿಕ್ಕಿತು, ಆಗಿನ ಹೆಂಡತಿ ವಿಕಿ ಪ್ರೈಸ್ ನಾನೇ ಓಡಿಸುತ್ತಿದ್ದೆ ಅಂತ ಪಾಯಿಂಟ್ ತಮ್ಮ ಮೇಲೆ ಹಾಕಿಕೊಂಡರು. ಎಂಟು ವರ್ಷ ಯಾರಿಗೂ ತಿಳಿಯಲಿಲ್ಲ. ಸಂಸಾರ ಮುರಿದ ಮೇಲೆ 2011ರಲ್ಲಿ ವಿಷಯ ಹೊರಗೆ ಬಂತು. 2013ರ ಮಾರ್ಚ್‌ನಲ್ಲಿ ಇಬ್ಬರಿಗೂ ಎಂಟೆಂಟು ತಿಂಗಳು ಜೈಲಾಯಿತು. ಮೂರು ಪಾಯಿಂಟ್ ತಪ್ಪಿಸೋಕೆ! ಅದೂ ಸಾಲದು ಅನ್ನೋ ಹಾಗೆ, ಸುಳ್ಳು ಹೇಳಿ ಉಳಿಸಿಕೊಂಡ ಆ ಲೈಸೆನ್ಸ್ ಅದೇ ವರ್ಷ ಫೋನ್ ಹಿಡಿದು ಓಡಿಸಿದ್ದಕ್ಕೆ ಹೇಗೂ ಹೋಗಿತ್ತು. 2019ರ ಜನವರಿಯಲ್ಲಿ ಫಿಯೋನಾ ಒನಸನ್ಯಾ ಅನ್ನೋ ಎಂಪಿ ಕೂಡ ಇಂಥದ್ದೇ ಸುಳ್ಳಿಗೆ ಮೂರು ತಿಂಗಳ ಶಿಕ್ಷೆ ಪಡೆದರು. ವೀಸಾ ಮೇಲೆ ಇರುವ ನಮ್ಮಂಥವರಿಗೆ ಜೈಲು ಅಂದರೆ ಇಲ್ಲಿನ ಬದುಕೇ ಮುಗಿದ ಹಾಗೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಹೆಸರೇ ಬರೆದು ಕಳಿಸಿದ.

ಆದರೆ ಅದೇ ಫೋನಿನಲ್ಲಿ ನಾನು ಒಂದು ತಪ್ಪು ಮಾತು ಹೇಳಿದೆ. ಅಷ್ಟು ಹೊತ್ತಿಗೆ ಎರಡು ವರ್ಷ, ಆರು ಪಾಯಿಂಟ್ ಅನ್ನೋ ವಿಷಯ ನಮಗೆ ಅಲ್ಪಸ್ವಲ್ಪ ಗೊತ್ತಾಗಿತ್ತು. "ಇನ್ನು ಮೂರು ನಾಲ್ಕು ದಿನಕ್ಕೆ ಎರಡು ವರ್ಷ ಮುಗಿಯುತ್ತಲ್ಲೋ, ಅವರು ದಂಡ ಹಾಕೋ ಹೊತ್ತಿಗೆ ನೀನು ಹೊಸಬನಲ್ಲ ಬಿಡು" ಅಂದೆ. ಅವನೂ ನಂಬಿದ. ಜುಲೈ ಕೊನೆಗೆ 100 ಪೌಂಡ್, 3 ಪಾಯಿಂಟ್ ಅನ್ನೋ ಕಾಗದ ಬಂತು. ಆಗಸ್ಟ್ ಮೊದಲ ವಾರ ಕಟ್ಟಿದ. ಲೆಕ್ಕಕ್ಕೆ ಬರೋದು ದುಡ್ಡು ಕಟ್ಟಿದ ದಿನ ಅಲ್ಲ, ಕಾಗದ ಬಂದ ದಿನವೂ ಅಲ್ಲ. ತಪ್ಪು ನಡೆದ ದಿನ. ಜೂನ್ 29. ಎರಡು ವರ್ಷ ತುಂಬೋಕೆ ಇನ್ನೂ ಹದಿನಾಲ್ಕು ದಿನ ಬಾಕಿ ಇತ್ತು.

ಸೆಪ್ಟೆಂಬರ್‌ನಲ್ಲಿ ಡಿವಿಎಲ್‌ಎಯಿಂದ ಬಂದ ಕಾಗದ ತೆಳ್ಳಗಿತ್ತು. ಇಂಥ ತಾರೀಖಿನಿಂದ ನಿಮ್ಮ ಲೈಸೆನ್ಸ್ ರದ್ದು, ಕಾರ್ಡ್ ವಾಪಸ್ ಕಳಿಸಿ. ಅವನು ಅದನ್ನು ಅಡುಗೆಮನೆ ಕಟ್ಟೆ ಮೇಲೆ ಇಟ್ಟು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದ, ಗಾಳಿಗೆ ಹಾರಿಹೋಗುತ್ತದೆ ಅನ್ನೋ ಹಾಗೆ.

ಕೋರ್ಟಿಗೆ ಹೋಗಬಹುದಲ್ಲ ಅಂತ ಊರಿಂದ ಅಪ್ಪ ಕೇಳಿದರು. ಬಹಳ ಜನ ಕೇಳುವ ಪ್ರಶ್ನೆ ಇದು. 12 ಪಾಯಿಂಟ್ ಆಗಿ ಕೋರ್ಟಿಗೆ ಹೋದವರು, ಲೈಸೆನ್ಸ್ ಹೋದರೆ ನನಗೂ ನನ್ನ ಮನೆಯವರಿಗೂ ಅಸಾಧಾರಣ ಕಷ್ಟ ಆಗುತ್ತದೆ ಅಂತ ವಾದ ಮಾಡಬಹುದು, ಕೆಲವು ಸಲ ಉಳಿಯುತ್ತದೆ ಕೂಡ. ಹೊಸಬರ 6ರಲ್ಲಿ ಆ ಬಾಗಿಲೇ ಇಲ್ಲ. ಅಲ್ಲಿ ನ್ಯಾಯಾಧೀಶರು ಯೋಚಿಸಿ ಕೊಡುವ ತೀರ್ಪು ಇಲ್ಲ, ಲೆಕ್ಕ 6 ಮುಟ್ಟಿತು ಅಂದರೆ ಡಿವಿಎಲ್‌ಎ ರದ್ದು ಮಾಡಲೇಬೇಕು. ಒಂದು ಸಣ್ಣ ಸಂದಿ ಇದೆ: ಮೂರನೇ ಕಾಗದಕ್ಕೆ ದುಡ್ಡು ಕಟ್ಟದೆ ಕೋರ್ಟಿಗೆ ಹೋಗಿ, ಪಾಯಿಂಟ್ ಬದಲು ಸ್ವಲ್ಪ ದಿನ ಓಡಿಸದಂತೆ ನಿಷೇಧ ಹಾಕಿ ಅಂತ ಕೇಳಿಕೊಳ್ಳುವುದು. ಹಾಗಾದರೆ ಪಾಯಿಂಟ್ ಸೇರುವುದಿಲ್ಲ, ಮರುಪರೀಕ್ಷೆ ತಪ್ಪುತ್ತದೆ. ಆದರೆ ಹೊಸಬರ ಕಾನೂನಿನ ಉದ್ದೇಶವನ್ನೇ ಹೀಗೆ ತಪ್ಪಿಸುವುದು ಸಾಮಾನ್ಯವಾಗಿ ಸರಿಯಲ್ಲ ಅಂತ ಮ್ಯಾಜಿಸ್ಟ್ರೇಟರ ಮಾರ್ಗಸೂಚಿಯಲ್ಲೇ ಇದೆ. ಹೇಗಿದ್ದರೂ ಇವನು ಆಗಲೇ ದುಡ್ಡು ಕಟ್ಟಿಯಾಗಿತ್ತು. ದಂಡದ ಕಾಗದ ಬಂದ ದಿನವೇ ಕಟ್ಟಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಒಪ್ಪಿಕೊಳ್ಳೋಕೆ ಇಪ್ಪತ್ತೆಂಟು ದಿನ ಸಮಯ ಇರುತ್ತದೆ. ಎರಡು ವರ್ಷದೊಳಗಿನವರಾಗಿದ್ದು ಆಗಲೇ 3 ಪಾಯಿಂಟ್ ಇದ್ದರೆ ಮೊದಲು ತಿಳಿದ ವಕೀಲರನ್ನು ಒಂದು ಮಾತು ಕೇಳಿ.

"ನನ್ನ ಇಂಡಿಯನ್ ಲೈಸೆನ್ಸ್ ಇನ್ನೂ ಇದೆಯಲ್ಲ ಅಕ್ಕ" ಅಂದ. ಆ ಹನ್ನೆರಡು ತಿಂಗಳು ಎಂದೋ ಮುಗಿದಿತ್ತು. ಅದನ್ನು ನಂಬಿ ಓಡಿಸಿದ್ದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ, ಜೊತೆಗೆ ಇನ್ಶೂರೆನ್ಸ್ ಕೂಡ ನಿಲ್ಲುತ್ತಿರಲಿಲ್ಲ, ಅದಕ್ಕೆ ಮತ್ತೆ 6. ಅಲ್ಲಿಗೆ 12.

ಹಾಗಾಗಿ ಮೊದಲಿಂದ ಶುರು. ಕಲಿಯುವವರ ಲೈಸೆನ್ಸಿಗೆ ಮತ್ತೆ ದುಡ್ಡು ಕಟ್ಟಬೇಕು. ಥಿಯರಿಗೆ 23 ಪೌಂಡ್, ಐವತ್ತು ಪ್ರಶ್ನೆಯಲ್ಲಿ ನಲವತ್ಮೂರು ಸರಿ ಇರಬೇಕು. ರೋಡ್ ಟೆಸ್ಟ್‌ಗೆ 62. ದುಡ್ಡು ದೊಡ್ಡದಲ್ಲ, ಟೆಸ್ಟಿಗೆ ದಿನ ಸಿಗುವುದೇ ದೊಡ್ಡದು, ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನ ಆಫೀಸಿಗೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದ. ಕಲಿಯುವವರ ಪಕ್ಕ ಕೂರುವವರು 21 ವರ್ಷ ದಾಟಿರಬೇಕು, ಲೈಸೆನ್ಸ್ ಸಿಕ್ಕಿ ಮೂರು ವರ್ಷ ಆಗಿರಬೇಕು. ಅವನ ಹೆಂಡತಿಗೆ ಮೂರು ವರ್ಷ ಆಗಿರಲಿಲ್ಲ. ನನಗೆ ಆಗಿತ್ತು.

ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ ಅವನ ಮನೆ ಮುಂದೆ, ಬಿಳಿ ಹಾಳೆಯ ಮೇಲೆ ಕೆಂಪು ಎಲ್ ಅಕ್ಷರದ ಎರಡು ಅಯಸ್ಕಾಂತದ ಫಲಕಗಳನ್ನು ಅವನೇ ಕಾರಿನ ಮುಂದೊಂದು ಹಿಂದೊಂದು ಅಂಟಿಸಿದ. ಹಿಂದಿನದು ಸ್ವಲ್ಪ ವಾರೆಯಾಗಿತ್ತು, ಬಗ್ಗಿ ಸರಿ ಮಾಡಿದ. ಎದುರು ಮನೆಯ ಅಜ್ಜ ಕಿಟಕಿಯಿಂದ ನೋಡುತ್ತಿದ್ದರು. ನಾನು ಎಡಗಡೆ ಕೂತೆ. ಕುವೆಂಪುನಗರದಲ್ಲಿ ಅವನು ನನ್ನ ಪಕ್ಕ ಕೂತು, ಕ್ಲಚ್ ಮೆಲ್ಲಗೆ ಬಿಡಕ್ಕ ಅಂತ ಹೇಳಿಕೊಟ್ಟದ್ದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಆಡಲಿಲ್ಲ. ಮೂಲೆ ದಾಟಿ ದೀಪದ ಕಂಬಗಳ ಸಾಲು ಶುರುವಾದ ತಕ್ಷಣ ಅವನು ತಾನಾಗಿಯೇ "ಮೂವತ್ತು" ಅಂದ. ಆಮೇಲೆ ಪ್ರತಿ ರಸ್ತೆಗೂ ಮಿತಿಯನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸಿದ. ನಾನೂ ಈಗ ಹಾಗೇ ಮಾಡುತ್ತೇನೆ.

2025ರ ಫೆಬ್ರವರಿಯಲ್ಲಿ ಮತ್ತೆ ಪಾಸಾದ. ಪೂರ್ತಿ ಲೈಸೆನ್ಸ್ ಬಂತು, ಆದರೆ ಆ 6 ಪಾಯಿಂಟ್ ಅಳಿಸಲಿಲ್ಲ. ಇದೂ ಎಷ್ಟೋ ಜನರಿಗೆ ಗೊತ್ತಿಲ್ಲ: ಮರುಪರೀಕ್ಷೆ ಪಾಸಾದರೆ ಪಾಯಿಂಟ್ ಸೊನ್ನೆಗೆ ಬರುವುದಿಲ್ಲ. ಒಂದು ಸಮಾಧಾನ ಅಂದರೆ ಹೊಸಬರ ಎರಡು ವರ್ಷ ಎರಡನೇ ಸಲ ಶುರುವಾಗುವುದಿಲ್ಲ, ಇನ್ನು ಅವನಿಗೆ ಮಿತಿ ಎಲ್ಲರಂತೆ 12. ಇನ್ಶೂರೆನ್ಸ್ ಕಂಪನಿಗೆ ಎಲ್ಲವನ್ನೂ ತಿಳಿಸಬೇಕಾಯಿತು, ಕಂತು ಹೆಚ್ಚುಕಡಿಮೆ ಎರಡರಷ್ಟಾಯಿತು.

ಬೇರೆ ದೇಶಗಳಲ್ಲಿ ಇರುವವರು ನಿಮ್ಮ ಊರಿನ ಲೆಕ್ಕ ನೋಡಿಕೊಳ್ಳಿ, ಎಲ್ಲ ಕಡೆ ಒಂದೇ ಥರ ಇಲ್ಲ. ಜರ್ಮನಿಯಲ್ಲಿ 8 ಪಾಯಿಂಟ್ ಸೇರಿದರೆ ಲೈಸೆನ್ಸ್ ಹೋಗುತ್ತದೆ, ದುಬೈ ಕಡೆ 24 ಕಪ್ಪು ಪಾಯಿಂಟಿಗೆ, ಫ್ರಾನ್ಸ್‌ನಲ್ಲಿ ಉಲ್ಟಾ, ಹೊಸಬರಿಗೆ 6, ಹಳಬರಿಗೆ 12 ಅಂತ ಮೊದಲೇ ಕೊಟ್ಟು ಕಳೆಯುತ್ತಾ ಬರುತ್ತಾರೆ. ಬ್ರಿಟನ್ನಿಗೆ ಹೊಸದಾಗಿ ಬಂದು ಟೆಸ್ಟ್ ಪಾಸಾದವರು ಫೋನಿನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಸಿಗ್ನಲ್‌ನಲ್ಲಿ ನಿಂತಾಗ ಮ್ಯಾಪ್ ನೋಡೋಕೆ ಕೈಗೆ ತೆಗೆದುಕೊಂಡರೂ ಅದು ಓಡಿಸುತ್ತಾ ಹಿಡಿದ ಲೆಕ್ಕವೇ. ಒಂದೇ ಸಲಕ್ಕೆ 6, ನನ್ನ ತಮ್ಮನಿಗೆ ಮೂರು ಕಾಗದ ಬೇಕಾದದ್ದು ಅಲ್ಲಿ ಒಂದರಲ್ಲೇ ಮುಗಿಯುತ್ತದೆ.

ಅವನ ಆಗಸ್ಟ್ 2023ರ 3 ಪಾಯಿಂಟ್ 12ರ ಲೆಕ್ಕದಿಂದ ಹೊರಗೆ ಹೋಗುವುದು 2026ರ ಆಗಸ್ಟ್‌ನಲ್ಲಿ, ಜೂನ್ 29ರದ್ದು 2027ರ ಜೂನ್‌ನಲ್ಲಿ. ಎರಡೂ ತಾರೀಖನ್ನು ಅವನು ಫ್ರಿಜ್ ಮೇಲಿನ ಕ್ಯಾಲೆಂಡರ್ ಪಕ್ಕ ಚೀಟಿಯಲ್ಲಿ ಬರೆದು ಅಂಟಿಸಿದ್ದಾನೆ. ಅವನ ಹೆಂಡತಿ ಅದರ ಕೆಳಗೆ ತನ್ನ ಎರಡು ವರ್ಷ ಮುಗಿಯೋ ತಾರೀಖನ್ನೂ ಬರೆದಿದ್ದಾಳೆ.